ಚಂಪಾಳ ಸೊನ್ನೆ

ಅಕ್ಕಿ ಆರಿಸುವುದು ನಮ್ಮ ಮನೆಯಲ್ಲಿ ಈಗ ಯಾರಿಗೂ ಬೇಡವಾದ ಕೆಲಸ. ಈ ತೆಲುಗು ಊರಿನ ಕೊಂಡಾಪುರದ ಅಂಗಡಿಗಳಲ್ಲಿ ಸಿಗುವ ಸೋನಾ ಮಸೂರಿ ಚೀಲದೊಳಗೆ ಕಲ್ಲು ಹುಡುಕಿದರೂ ಸಿಗುವುದಿಲ್ಲ, ನಾನು ಹುಡುಕಿದ್ದೇನೆ. ಆದರೂ ಮಧ್ಯಾಹ್ನದ ಊಟವಾದ ಮೇಲೆ ಹಿತ್ತಾಳೆಯ ಅಗಲವಾದ ಪರಾತದಲ್ಲಿ ಒಂದಿಷ್ಟು ಅಕ್ಕಿ ಹರಡಿಕೊಂಡು ಕಿಟಕಿಯ ಬಳಿ ಕೂರುತ್ತೇನೆ. ನಮ್ಮ ಯಜಮಾನರು ಪೇಪರಿನ ಮರೆಯಿಂದಲೇ, "ಕಲ್ಲು ಸಿಕ್ರ ನನಗೂ ಒಂದು ತೋರಸು, ಭಾಳ ದಿನಾ ಆತು ನೋಡಿ," ಎನ್ನುತ್ತಾರೆ. ಆರಿಸುವುದು ನೆಪ ಎಂದು ನನಗೂ ಗೊತ್ತು. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ನನ್ನ ತೋರುಬೆರಳು ತನ್ನ ಪಾಡಿಗೆ ತಾನು ಅಕ್ಕಿಯಲ್ಲಿ ಏನೋ ಬರೆಯತೊಡಗುತ್ತದೆ. ಬಗ್ಗಿ ನೋಡಿದರೆ 'ಚಂಪಾ' ಎಂದಿರುತ್ತದೆ. ಅಂಗೈಯಿಂದ ಸವರಿ ಅಳಿಸಿ, ಮತ್ತೆ ಇಲ್ಲದ ಕಲ್ಲನ್ನು ಹುಡುಕುತ್ತೇನೆ.

ಚಂಪಾ ಯಾರು ಎಂದು ನೀವು ಕೇಳುತ್ತೀರಿ. ಗ್ರಾಹಕರ ಆಯೋಗದವರು ಒಂದೂವರೆ ವರ್ಷ ಅದನ್ನೇ ಕೇಳಿದರು.

ನನ್ನ ಹೆಸರು ಗಿರಿಜಾ. ಆಧಾರ್ ಕಾರ್ಡಿನಲ್ಲಿ, ಗ್ಯಾಸಿನ ಪುಸ್ತಕದಲ್ಲಿ, ಡಾಕ್ಟರರ ಚೀಟಿಯಲ್ಲಿ ಎಲ್ಲ ಕಡೆಯೂ ನಾನು ಗಿರಿಜಾ. ಆದರೆ ಹುಟ್ಟಿದಾಗಿನಿಂದ ಇಪ್ಪತ್ತೆರಡು ತುಂಬುವ ತನಕ ನಾನು ಚಂಪಾ ಆಗಿದ್ದೆ. ನಮ್ಮ ಕಡೆಯ ಮದುವೆಗಳಲ್ಲಿ ಒಂದು ಶಾಸ್ತ್ರವಿದೆ. ಪರಾತದ ತುಂಬ ಅಕ್ಕಿ ಹರಡಿ ಮದುಮಗನ ಮುಂದಿಡುತ್ತಾರೆ. ಅವನು ಬಂಗಾರದ ಉಂಗುರದಿಂದ ಅದರಲ್ಲಿ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ. ಅಲ್ಲಿಗೆ ಹಳೆಯ ಹೆಸರಿನ ಕತೆ ಮುಗಿಯಿತು. ನಮ್ಮ ಯಜಮಾನರು ಗಾಬರಿಯಲ್ಲಿ ಎರಡೂ ಗುಡಿಸು ಬಿಟ್ಟು 'ಗರಜಾ' ಎಂದು ಬರೆದಿದ್ದರು. ನಮ್ಮ ಮಾತಿನಲ್ಲಿ ಗರಜು ಅಂದರೆ ಅಗತ್ಯ. "ಹುಡುಗಗ ಭಾಳ ಗರಜು ಐತ್ರಿ," ಎಂದು ನಮ್ಮ ಸೋದರಮಾವ ನಗಿಸಿದ್ದು ಇವತ್ತಿಗೂ ನಮ್ಮವರಲ್ಲಿ ಚಾಲ್ತಿಯಲ್ಲಿದೆ.

ಎಲ್ಲರೂ ನಗುತ್ತಿದ್ದಾಗ ಅವ್ವ ಮಾತ್ರ ನಗಲಿಲ್ಲ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಅಕ್ಕಿಯಲ್ಲಿ ಏನು ಬರೆದಿದ್ದಾರೆಂದು ಪಕ್ಕದವರನ್ನು ಕೇಳಿ ತಿಳಿದುಕೊಂಡು, ಆಮೇಲೆ ಶಾಸ್ತ್ರ ಮಾಡಿಸುತ್ತಿದ್ದ ಅಯ್ಯನವರ ಹತ್ತಿರ ಹೋಗಿ, "ಹಳೇ ಹೆಸರು ಎಲ್ಲಿ ಹೋಗ್ತೈತ್ರಿ?" ಎಂದಳು. ಅಯ್ಯನವರಿಗೆ ಹಸಿವಾಗಿತ್ತು. "ಎಲ್ಲಿ ಹೋಗ್ತೈತವ್ವಾ, ಅಕ್ಕಿಯೊಳಗ ಇರ್ತೈತಿ," ಎಂದು ಹೇಳಿ ಎಲೆಯ ಮುಂದೆ ಕೂತರು. ಅವ್ವ ಆ ಪರಾತದಿಂದ ಒಂದು ಹಿಡಿ ಅಕ್ಕಿ ತೆಗೆದು ಸೆರಗಿಗೆ ಕಟ್ಟಿಕೊಂಡದ್ದನ್ನು ನಾನು ನೋಡಿದೆ. ಹಸೆಯ ಮೇಲೆ ಕೂತ ಮದುಮಗಳು ಅದನ್ನೆಲ್ಲ ಕೇಳುವ ಹಾಗಿರಲಿಲ್ಲ.

ಆಮೇಲೆ ಜಗತ್ತಿಗೆಲ್ಲ ನಾನು ಗಿರಿಜಾ ಆದೆ, ಅವ್ವನೊಬ್ಬಳನ್ನು ಬಿಟ್ಟು. ಅವಳು ಇದೇ ಊರಿನ ಕಾಚಿಗುಡಾದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಳು. ಮದುವೆಯಾದ ನಾಲ್ಕನೇ ವರ್ಷ ಅಪ್ಪ ತೀರಿಕೊಂಡರೂ ಮನೆ ಬಿಡಲಿಲ್ಲ. ನಾನು ಹೋದಾಗ ಬಾಗಿಲು ತೆಗೆಯುವ ಮೊದಲೇ ಒಳಗಿನಿಂದ "ಚಂಪಾ?" ಎನ್ನುತ್ತಿದ್ದಳು. ಕೊನೆಯ ಎಂಟು ತಿಂಗಳು, ಕಾಲು ಕೈಕೊಟ್ಟ ಮೇಲೆ, ನಮ್ಮ ಕೊಂಡಾಪುರದ ಫ್ಲಾಟಿನಲ್ಲಿ ಇದ್ದಳು. ಬರುವಾಗ ತಂದದ್ದು ಎರಡು ಸೀರೆಯ ಗಂಟು ಮತ್ತು ಒಂದು ಅಕ್ಕಿಯ ಡಬ್ಬಿ. ಡಬ್ಬಿಯ ಅಕ್ಕಿಯನ್ನು ಯಾರೂ ಅಡಿಗೆಗೆ ಮುಟ್ಟಬಾರದು ಎಂದು ಅಪ್ಪಣೆಯಾಗಿತ್ತು. ಮುದುಕರ ಹಟ ಎಂದು ಬಿಟ್ಟೆವು. ಆ ವರ್ಷದ ಶ್ರಾವಣದಲ್ಲಿ ಅವ್ವ ಹೋದಳು. ನನ್ನನ್ನು ಚಂಪಾ ಎಂದು ಕರೆಯುವವರು ಇನ್ನು ಭೂಮಿಯ ಮೇಲೆ ಯಾರೂ ಇಲ್ಲ ಎಂಬುದು ಹದಿಮೂರನೆಯ ದಿನ, ಪಾತ್ರೆ ತೊಳೆಯುವಾಗ, ತಟ್ಟನೆ ತಿಳಿದು ನಲ್ಲಿ ಬಿಟ್ಟುಕೊಂಡೇ ಅತ್ತೆ.

ಆರು ತಿಂಗಳ ನಂತರ ಡಬ್ಬಿಯಲ್ಲಿ ನುಸಿ ಎದ್ದವು. ಖಾಲಿ ಮಾಡೋಣವೆಂದು ಮೊಣಕೈವರೆಗೆ ಕೈ ಇಳಿಸಿದೆ. ತಳದಲ್ಲಿ ಏನೋ ತಣ್ಣಗೆ ತಾಗಿತು. ಎಳೆದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದ. ಬಿಚ್ಚಿದ ಕೂಡಲೇ ಘಮ್ಮೆಂದು ಇಂಗಿನ ವಾಸನೆ ಬಂತು. ಅದು ಬೇಗಂ ಬಜಾರಿನ ಒಂದು ಸಹಕಾರಿ ಸೊಸೈಟಿಯ ಠೇವಣಿ ರಸೀದಿ. ಮೂರು ಮೂರು ವರ್ಷಕ್ಕೊಮ್ಮೆ ನವೀಕರಿಸುತ್ತ ಬಂದ ಠೇವಣಿ. ಅವಧಿ ಹಿಂದಿನ ದಸರೆಗೆ ಮುಗಿದಿತ್ತು. ಹೆಸರಿನ ಜಾಗದಲ್ಲಿ 'ಚಂಪಾ, ತಂದೆ ಗುರುಪಾದಪ್ಪ' ಎಂದಿತ್ತು. ಮೊದಲ ತಾರೀಖು ನೋಡಿದೆ. ನನ್ನ ಮದುವೆಯಾದ ಎಂಟನೇ ದಿನದ್ದು. ಅಂದರೆ ಚಂಪಾ ಎಂಬವಳು ಇಲ್ಲವಾದ ಒಂದು ವಾರಕ್ಕೆ ಅವಳ ಹೆಸರಿನಲ್ಲಿ ಯಾರೋ ಹಣ ಇಟ್ಟಿದ್ದರು.

ಮೊತ್ತ ಎಷ್ಟೆಂದು ಕೇಳಬೇಡಿ. ಬಂಗಲೆ ಕೊಳ್ಳುವಷ್ಟಲ್ಲ, ಬಿಟ್ಟುಬಿಡುವಷ್ಟೂ ಅಲ್ಲ. ಅಪ್ಪ ಸರಕಾರಿ ಕಚೇರಿಯ ಗುಮಾಸ್ತ. ಅವರು ಇಟ್ಟಿರಬೇಕು ಎಂದುಕೊಂಡೆ. ಆದರೆ ಅಪ್ಪ ಹೋಗಿ ಮೂವತ್ತೈದು ವರ್ಷವಾಗಿತ್ತು. ಹಾಗಾದರೆ ಇಷ್ಟು ಸಲ ಯಾರು ನವೀಕರಿಸಿದರು ಎಂಬ ಪ್ರಶ್ನೆ ನನಗೆ ಆಗ ಹೊಳೆಯಲೇ ಇಲ್ಲ. ಲೆಕ್ಕದಲ್ಲಿ ನಾನು ಮೊದಲಿನಿಂದಲೂ ದಡ್ಡಿ.

ಸೊಸೈಟಿಯ ಕಚೇರಿ ಇಂಗಿನ ಸಗಟು ಅಂಗಡಿಯೊಂದರ ಮೇಲಿದೆ. ಕಡಿದಾದ ಕಲ್ಲಿನ ಮೆಟ್ಟಿಲು, ಕೆಳಗಿನಿಂದ ಏರಿ ಬರುವ ಇಂಗು ಮತ್ತು ಒಣ ಮೆಣಸಿನಕಾಯಿ ಘಾಟು, ಕಿಟಕಿಯ ಸರಳುಗಳ ತುಂಬ ಪಾರಿವಾಳ. ಮ್ಯಾನೇಜರರು ರಸೀದಿ ನೋಡಿ, ನನ್ನ ಆಧಾರ್ ನೋಡಿ, ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ, "ಚಂಪಾಜೀ ಕೋ ಲೇಕೇ ಆಯಿಯೇ," ಎಂದರು, ಚಂಪಾ ಅವರನ್ನು ಕರೆತನ್ನಿ ಎಂದು. ನಾನೇ ಚಂಪಾ ಎಂದೆ. ಅವರು ಮತ್ತೊಮ್ಮೆ ಆಧಾರ್ ನೋಡಿದರು. ಮದುವೆಯಲ್ಲಿ ಹೆಸರು ಬದಲಾಯಿತು, ಅಕ್ಕಿ, ಉಂಗುರ ಎಂದೆಲ್ಲ ವಿವರಿಸಿದೆ. ನನ್ನ ಹಿಂದಿ ಪೂರ್ತಿ ದಕ್ಖನಿ. ನನಗೇ ಅದು ಕಟ್ಟುಕತೆಯ ಹಾಗೆ ಕೇಳಿಸಿತು.

ಆಗ ಮೂಲೆಯ ಮೇಜಿನಿಂದ ಹಳೆಯ ಗುಮಾಸ್ತ ಯಾದಗಿರಿ ತಲೆಯೆತ್ತಿದ. ಎಪ್ಪತ್ತರ ಹತ್ತಿರದ ಮನುಷ್ಯ, ಕಿವಿಯ ಮೇಲೆ ಪೆನ್ನು. "ಈಮೆ ಕಾದು ಸಾರ್. ಚಂಪಮ್ಮ ನಾಕು ತೆಲುಸು," ಎಂದ. ಇವಳಲ್ಲ, ಚಂಪಮ್ಮ ನನಗೆ ಗೊತ್ತು.

"ಗೊತ್ತಾ?" ಎಂದೆ.

ಯಾದಗಿರಿ ಸಾವಧಾನವಾಗಿ ತೆಲುಗಿನಲ್ಲಿ ಹೇಳಿದ. ಚಂಪಮ್ಮ ಪ್ರತಿ ಮೂರು ವರ್ಷಕ್ಕೊಮ್ಮೆ ದಸರೆ ಹೊತ್ತಿಗೆ ಬರುತ್ತಾಳೆ. ಒಬ್ಬಳೇ ಬರುತ್ತಾಳೆ. ಹೆಚ್ಚು ಮಾತಿಲ್ಲ. ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಆ ಬೆಂಚಿನ ಮೇಲೆ ಕೂರುತ್ತಾಳೆ. ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಅಕ್ಕಿಯನ್ನು ಬೆಂಚಿನ ಮೇಲೆ ಹರಡಿ, ಬೆರಳಿನಿಂದ ಒಮ್ಮೆ ತನ್ನ ಹೆಸರು ಬರೆದು ನೋಡುತ್ತಾಳೆ. ಆಮೇಲೆ ಬಂದು ರಿಜಿಸ್ಟರಿನಲ್ಲಿ ಸಹಿ ಹಾಕುತ್ತಾಳೆ. ಉದುರಿದ ಅಕ್ಕಿಯನ್ನು ತಾನು ಗೂಡಿಸಿ ಪಾರಿವಾಳಗಳಿಗೆ ಹಾಕುತ್ತೇನೆ ಎಂದ. ಕಳೆದ ದಸರೆಯಲ್ಲೂ ಬಂದಿದ್ದಳು, ಇನ್ನೂ ಮೂರು ವರ್ಷಕ್ಕೆ ಸಹಿ ಹಾಕಿ ಹೋದಳು.

"ದುಡ್ಡು ನವೀಕರಣ ಆಗಿದೆ," ಎಂದರು ಮ್ಯಾನೇಜರು. "ಅಸಲಿ ರಸೀದಿ ನಿಮ್ಮ ಕೈಗೆ ಹೇಗೆ ಬಂತೆಂದು ಬೇಕಾದರೆ ನಾವು ಕೇಳಬೇಕು."

ನಾನು ಆ ಬೆಂಚನ್ನು ನೋಡಿದೆ. ಅಕ್ಕಿಯಲ್ಲಿ ಹೆಸರು ಬರೆಯುವವಳು ನಾನು. ನನ್ನ ಬೆರಳಿನ ಆ ಚಟ ನನ್ನ ಗಂಡನಿಗೂ ಗೊತ್ತಿಲ್ಲ. ಇಲ್ಲಿ ನಾನು ಒಮ್ಮೆಯೂ ಕಾಲಿಡದ ಕಚೇರಿಯಲ್ಲಿ, ನನ್ನ ಹೆಸರಿನವಳು ಕೂತು ಅದನ್ನೇ ಮಾಡಿ ಹೋಗಿದ್ದಾಳೆ. ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದೆ. ಕೆಳಗೆ ಇಂಗಿನ ಅಂಗಡಿಯವನು ನೀರು ಕೊಟ್ಟ.

ಅವ್ವನ ನೆನಪು ನನಗೆ ಆಗ ಯಾಕೆ ಬರಲಿಲ್ಲ ಎಂದು ನೀವು ಕೇಳಬಹುದು. ಅವ್ವ ಪೆನ್ಶನ್ನಿಗೂ ಹೆಬ್ಬೆಟ್ಟು ಒತ್ತುತ್ತಿದ್ದವಳು. ಮಠಕ್ಕೆ ಬಿಟ್ಟರೆ ಒಬ್ಬಳೇ ಎಲ್ಲಿಗೂ ಹೋಗದವಳು. ಎಲ್ಲಕ್ಕಿಂತ ಹೆಚ್ಚಾಗಿ, ಆ ದಸರೆಗೆ ಅವ್ವ ಸತ್ತು ಎರಡು ತಿಂಗಳಾಗಿತ್ತು.

ಮನೆಗೆ ಬಂದು ಹೇಳಿದಾಗ ನಮ್ಮವರು ಪೇಪರು ಮಡಚಿಟ್ಟರು. "ಆ ಚಂಪಾ ನಿನಕಿಂತ ಸಣ್ಣಾಕಿ ಅದಾಳೇನು? ಅಡಿಗಿ ಛಲೋ ಮಾಡ್ತಾಳೇನು? ಕೇಳ್ಕೊಂಡರ ಬರಬೇಕಿತ್ತು," ಎಂದು ತಮಾಷೆ ಮಾಡಿದರು. ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಮೈಸೂರಿನ ಹುಡುಗಿ ಅಶ್ವಿನಿ, ಸಾಫ್ಟ್‌ವೇರಿನವಳು, ಸಂಜೆ ಚಹಾಕ್ಕೆ ಬಂದವಳು ವಿಷಯ ಕೇಳಿ ಕೆಂಡವಾದಳು.

"ಆಂಟಿ, ಇದು ಶುದ್ಧ ಮೋಸ. ಕನ್ಸ್ಯೂಮರ್ ಕಮಿಷನ್ನಿಗೆ ಹಾಕೋಣ. ಲಾಯರೂ ಬೇಕಾಗಿಲ್ಲ, ನೀವೇ ವಾದ ಮಾಡಬಹುದು. ನಾನು ಫಾರ್ಮ್ ತುಂಬಿಕೊಡ್ತೀನಿ."

ಅವಳು ಲ್ಯಾಪ್‌ಟಾಪ್ ತೆರೆದು ದೂರುದಾರರ ಹೆಸರಿನ ಜಾಗದಲ್ಲಿ 'ಗಿರಿಜಾ ಅಲಿಯಾಸ್ ಚಂಪಾ' ಎಂದು ಹೊಡೆದಳು. "ಅಲಿಯಾಸ್ ಅಂದ್ರ ಪೊಲೀಸರು ಕಳ್ಳರಿಗೆ ಹಚ್ಚೂದಲ್ಲೇನವಾ?" ಎಂದು ಕೇಳಿದೆ. "ನಿಮಗೆ ಬೇರೆ ದಾರಿ ಇಲ್ಲ ಆಂಟಿ," ಎಂದಳು. ಶಾಲೆಯ ಸರ್ಟಿಫಿಕೇಟು, 'ಚಿ. ಕುಂ. ಸೌ. ಚಂಪಾ' ಎಂದು ಅಚ್ಚಾದ ಮದುವೆಯ ಕರೆಯೋಲೆ, ಅವ್ವನ ಮರಣ ಪತ್ರ ಎಲ್ಲವನ್ನೂ ಲಗತ್ತಿಸಿದೆವು. ನಾನು ಸಾಬೀತು ಮಾಡಬೇಕಾದದ್ದು ಒಂದೇ: ಚಂಪಾ ಎಂಬವಳು ನಾನೇ. ಇಲ್ಲದಿದ್ದರೆ ಅಪ್ಪ ಇಟ್ಟದ್ದು ಸೊಸೈಟಿಯ ಪಾಲು. ಮೊದಲ ದಿನ ನನಗೆ ಮುಖ್ಯವಾಗಿದ್ದದ್ದು ದುಡ್ಡು ಎಂದು ಒಪ್ಪಿಕೊಳ್ಳುತ್ತೇನೆ. ಎರಡು ಮೊಣಕಾಲಿಗೂ ಆಪರೇಷನ್ ಹೇಳಿದ್ದರು.

ಆದರೆ ದಿನ ಕಳೆದ ಹಾಗೆ ದುಡ್ಡು ಹಿಂದೆ ಸರಿದು ಅವಳು ಮುಂದೆ ಬಂದಳು. ಅವಳು, ಅಂದರೆ ಆ ಇನ್ನೊಬ್ಬ ಚಂಪಾ. ಮದುವೆಯಾಗದೆ ಉಳಿದವಳು. ನಾನು ಹಸೆಯಿಂದ ಎದ್ದು ಗಂಡನ ಹಿಂದೆ ಹೊರಟಾಗ ಅವಳು ಅಕ್ಕಿಯ ಪರಾತದ ಪಕ್ಕದಲ್ಲೇ ಕೂತಿದ್ದಿರಬೇಕು. ಆಮೇಲೆ ಅವ್ವನ ಜೊತೆ ಕಾಚಿಗುಡಾದ ಮನೆಗೆ ಹೋಗಿರಬೇಕು. ನಾನು ಯುಗಾದಿಗೊಮ್ಮೆ ಹೋದಾಗ ಅವ್ವ ಬಾಗಿಲು ತೆಗೆಯುವ ಮೊದಲೇ "ಚಂಪಾ?" ಎನ್ನುತ್ತಿದ್ದದ್ದು ನನ್ನನ್ನೇ ಕರೆದದ್ದೋ, ಒಳಗಿದ್ದವಳನ್ನು ಕೇಳಿದ್ದೋ? ಇಂಥ ಯೋಚನೆಗಳು ಹಾಡಹಗಲಲ್ಲಿ, ಹುಳಿಗೆ ಬೇಳೆ ಹಾಕುವಾಗ ಬರುತ್ತಿದ್ದವು. ಲಿಫ್ಟಿನ ಕನ್ನಡಿ ನೋಡುವುದು ಬಿಟ್ಟೆ. ಮೊಣಕಾಲು ನೋವಿದ್ದರೂ ಮೆಟ್ಟಿಲು ಹತ್ತುತ್ತೇನೆಂದು ನಮ್ಮವರಿಗೆ ಆಶ್ಚರ್ಯ.

ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತಿದ್ದೆ. ಹೊರಗಿನ ಪಡಸಾಲೆಯಿಂದ ಸ್ಪಷ್ಟವಾಗಿ ಹೆಣ್ಣಿನ ದನಿ, "ಚಂಪಾ! ಓ ಚಂಪಾ!" ಪರಾತ ಮಗುಚಿ ಅಕ್ಕಿಯೆಲ್ಲ ಚೆಲ್ಲಿತು. "ಬಂದೆ ಅವ್ವಾ," ಎಂದು ಬಾಗಿಲಿಗೆ ಓಡಿದೆ. ಹೊರಗೆ ಬಂಗಾಲದ ಕಡೆಯ ಒಬ್ಬ ಹುಡುಗಿ ಪೊರಕೆ ಹಿಡಿದು ನಿಂತಿದ್ದಳು. ಎದುರುಮನೆಗೆ ಹೊಸದಾಗಿ ಬಂದ ಕೆಲಸದವಳು, ಅವಳ ಹೆಸರೂ ಚಂಪಾ. ಎದುರುಮನೆಯ ಗೃಹಿಣಿ ನನ್ನನ್ನು ನೋಡಿ, "ಏನಾಯ್ತು ಆಂಟಿ?" ಎಂದಳು. ಏನಿಲ್ಲ ಎಂದೆ. ಒಳಗೆ ಬಂದು ಚೆಲ್ಲಿದ ಅಕ್ಕಿಯ ನಡುವೆ ಕೂತು ನನ್ನ ಬುದ್ಧಿಗೆ ನಾನೇ ನಕ್ಕೆ. ಅರವತ್ತೊಂದು ವಯಸ್ಸಿನಲ್ಲಿ "ಬಂದೆ ಅವ್ವಾ" ಎಂದು ಓಡಿದ್ದೆ.

ನಾಲ್ಕು ತಿಂಗಳಿಗೆ ಸೊಸೈಟಿಯ ಉತ್ತರ ಬಂತು. ಅಶ್ವಿನಿ ಓದಿ ಹೇಳಿದಳು. ನಮ್ಮ ಠೇವಣಿದಾರರಾದ ಚಂಪಾ ಅವರು ಜೀವಂತವಾಗಿದ್ದಾರೆ, ನಮ್ಮ ಸಂಪರ್ಕದಲ್ಲಿದ್ದಾರೆ. ದೂರುದಾರರಾದ ಗಿರಿಜಾ ಯಾರೋ ನಮಗೆ ಗೊತ್ತಿಲ್ಲ. ಕರೆಯೋಲೆ, ಸರ್ಟಿಫಿಕೇಟುಗಳಿಂದ ಕಾಚಿಗುಡಾದಲ್ಲಿ ಚಂಪಾ ಎಂಬ ಹುಡುಗಿ ಇದ್ದಳೆಂದು ತಿಳಿಯುತ್ತದೆಯೇ ಹೊರತು ಆಕೆಯೇ ಈಕೆ ಎಂದಲ್ಲ. ಇದನ್ನೆಲ್ಲ ಪ್ರಮಾಣ ಮಾಡಿ ಬರೆದಿದ್ದರು. ನಾನು ಇಲ್ಲ, ಅವಳು ಇದ್ದಾಳೆ ಎಂದು ಸ್ಟಾಂಪು ಹಚ್ಚಿದ ಕಾಗದದಲ್ಲಿ ಓದಿದಾಗ ಹೇಗಾಗುತ್ತದೆಂದು ಹೇಳುವುದು ಕಷ್ಟ. ನನ್ನ ಕೈಯನ್ನು ನಾನೇ ಒಮ್ಮೆ ಮುಟ್ಟಿ ನೋಡಿಕೊಂಡೆ.

ಜೊತೆಗೆ ರಿಜಿಸ್ಟರಿನ ಪುಟಗಳ ಝೆರಾಕ್ಸ್ ಇತ್ತು. ಮೂವತ್ತೊಂಬತ್ತು ವರ್ಷದ ಸಹಿಗಳು. ಅಶ್ವಿನಿ ಕಣ್ಣು ಕಿರಿದು ಮಾಡಿ, "ಆಂಟಿ, ಇದೇನು ಸಹಿ? ಚಂಪಾ ಅಂತ ಇಲ್ವಲ್ಲ. ಚ... ಪಾ... ಆಮೇಲೆ ಸೊನ್ನೆ. ಚಪಾಂ ಅಂತ ಇದೆ," ಎಂದಳು.

ಕಾಗದ ಕಿತ್ತುಕೊಂಡೆ. ಒಂದೊಂದು ಅಕ್ಷರವೂ ಹೆಬ್ಬೆರಳಷ್ಟು ದಪ್ಪ, ಗೆರೆ ಬಿಟ್ಟು ಮೇಲಕ್ಕೆ ಏರಿ ಹೋದ ಅಕ್ಷರಗಳು, ಕೊನೆಯಲ್ಲಿ ದುಂಡನೆಯ ದೊಡ್ಡ ಸೊನ್ನೆ. ಚಪಾಂ. ಚಪಾಂ. ಚಪಾಂ. ಅದು ನನ್ನ ಅಕ್ಷರವಾಗಿತ್ತು. ಇವತ್ತಿನ ನನ್ನದಲ್ಲ, ಒಂದನೇ ಇಯತ್ತೆಯ ನನ್ನದು.

ಆ ವರ್ಷ ಕನ್ನಡ ಶಾಲೆಯಿಂದ ಬಂದವಳೇ ನಾನು ಅವ್ವನಿಗೆ ಶಾಲೆ ಮಾಡುತ್ತಿದ್ದೆ. ಪಾಟಿ ಒಡೆದಿತ್ತು, ಅವ್ವ ಆರಿಸುತ್ತಿದ್ದ ಅಕ್ಕಿಯ ಪರಾತವೇ ನನ್ನ ಪಾಟಿ. ಅವಳ ತೋರುಬೆರಳನ್ನು ನನ್ನ ಮುಷ್ಟಿಯಲ್ಲಿ ಹಿಡಿದು ಅಕ್ಕಿಯಲ್ಲಿ ಎಳೆಯುತ್ತಿದ್ದೆ. "ಇದು ಚ. ಇದು ಪಾ. ಈಗ ಒಂದು ಸೊನ್ನಿ." ಸೊನ್ನೆ ಎಲ್ಲ ಮುಗಿದ ಮೇಲೆ ಇಡುವುದು ಎಂದು ನನ್ನ ತಿಳುವಳಿಕೆ. ಊಟ ಮುಗಿದ ಮೇಲೆ ಎಲೆ ಮಡಚುವ ಹಾಗೆ ಹೆಸರು ಮುಗಿದ ಮೇಲೆ ಸೊನ್ನೆ. ಅವ್ವ ನಕ್ಕು, "ಬಿಡ ತಾಯಿ, ನನಗೇನು ಬರ್ತೈತಿ, ಅನ್ನಕ್ಕ ಇಡಬೇಕು," ಎಂದು ಅಕ್ಕಿಯನ್ನು ಅಲುಗಾಡಿಸಿ ಅಳಿಸುತ್ತಿದ್ದಳು. ಮುಂದಿನ ವರ್ಷ ಮಾಸ್ತರರು ನನ್ನ ಕಿವಿ ಹಿಂಡಿ ಸೊನ್ನೆಯನ್ನು ನಡುವಿಗೆ ತಂದರು. ನಾನು ತಿದ್ದಿಕೊಂಡೆ. ಅವ್ವನಿಗೆ ತಿದ್ದುವವರು ಯಾರು? ಅಷ್ಟರಲ್ಲಿ ನಾನು ಶಾಲೆ ಮುಚ್ಚಿ ಕುಂಟಾಟಕ್ಕೆ ಹೋಗಿದ್ದೆ.

ಜಗತ್ತಿನಲ್ಲಿ ಅವ್ವ ಬರೆಯಲು ಕಲಿತದ್ದು ಅದೊಂದೇ, ತಪ್ಪು ತಪ್ಪಾಗಿ ನನ್ನ ಹೆಸರು. ಮಠಕ್ಕೆ ಹೋಗುತ್ತೇನೆಂದು ಹೇಳಿ ಬೇಗಂ ಬಜಾರಿನ ಆ ಮೆಟ್ಟಿಲು ಹತ್ತಿ, ಮರೆತಿರಬಹುದೆಂಬ ಅಂಜಿಕೆಯಿಂದ ಬೆಂಚಿನ ಮೇಲೆ ಅಕ್ಕಿ ಹರಡಿ ಒಮ್ಮೆ ಬರೆದು ನೋಡಿ ಸಹಿ ಹಾಕುತ್ತಿದ್ದಳು. ಗಂಡನ ಮನೆಯವರು ಅಳಿಸಿದ ಹೆಸರಿಗೆ ಅಷ್ಟಾದರೂ ಇರಲಿ ಎಂದು ಅಪ್ಪನನ್ನು ಕಾಡಿ ಇಡಿಸಿರಬೇಕು. ಮೊದಲ ಸಹಿಯೂ ಚಪಾಂ. ಅಂದರೆ ಅಪ್ಪ ಸ್ವಂತ ಹೆಂಡತಿಯನ್ನು ಕೌಂಟರಿನ ಮುಂದೆ ಮಗಳೆಂದು ನಿಲ್ಲಿಸಿದ್ದರು. ನಾನು ಅತ್ತೆನೋ ನಕ್ಕೆನೋ, ಅಶ್ವಿನಿ ಮಾತ್ರ ಗಾಬರಿಯಾಗಿ ನೀರು ತಂದಳು. ಇಷ್ಟು ದಿನ ನನ್ನನ್ನು ಹೆದರಿಸಿದ್ದ ಆ ಇನ್ನೊಬ್ಬ ಚಂಪಾ ನಮ್ಮವ್ವನೇ ಆಗಿದ್ದಳು.

"ಆಂಟಿ," ಎಂದಳು ಅಶ್ವಿನಿ. ಅವಳ ಬೆರಳು ಕೊನೆಯ ಪುಟದ ಮೇಲಿತ್ತು. "ಇದೊಂದು ಬೇರೆ ಥರ ಇದೆ ನೋಡಿ."

ಹದಿನಾಲ್ಕನೆಯ ಸಹಿ, ಕಳೆದ ದಸರೆಯದು. ಅದೇ ದಪ್ಪ ಅಕ್ಷರ, ಅದೇ ಮೇಲಕ್ಕೇರುವ ಗೆರೆ. ಆದರೆ ಸೊನ್ನೆ ನಡುವೆ ಇತ್ತು. ಚಂಪಾ.

ಅಶ್ವಿನಿ ಚಪ್ಪಾಳೆ ತಟ್ಟಿದಳು. ಅವಳ ಪ್ರಕಾರ ಕೇಸು ಅಲ್ಲಿಗೆ ಗೆದ್ದ ಹಾಗೆ. ಹದಿಮೂರು ಸಹಿಯೂ ತಪ್ಪು, ಅವು ನಿಜ. ಹದಿನಾಲ್ಕನೆಯದು ಸರಿಯಾಗಿದೆ, ಆದ್ದರಿಂದ ಸುಳ್ಳು. ದುಡ್ಡು ಕೊಡದೆ ಮುಂದೂಡಲು ಯಾರೋ ಹಳೆಯ ಸಹಿ ನೋಡಿ ಬರೆದಿದ್ದಾರೆ. ತೆಲುಗಿನಲ್ಲೂ ಸೊನ್ನೆ ಅಲ್ಲೇ ಬರುವುದರಿಂದ ಕೈ ತಾನಾಗಿಯೇ ತಿದ್ದಿಬಿಟ್ಟಿದೆ. ನಾನು ಹೌದೆಂದು ತಲೆಯಾಡಿಸಿದೆ. ಆದರೆ ಆ ಸೊನ್ನೆಯನ್ನು ನೋಡಲಾರದೆ ಪುಟವನ್ನು ಬೋರಲು ಹಾಕಿದೆ. ಯಾಕೆಂದು ಅವಳಿಗೆ ಹೇಳಲಿಲ್ಲ.

ಆಯೋಗದ ಅಧ್ಯಕ್ಷರು ತೆಲುಗಿನ ಹೆಂಗಸು, ಮೂಗಿನ ತುದಿಗೆ ಕನ್ನಡಕ. ನಮ್ಮ ಅಕ್ಷರ ಅವರಿಗೆ ಹೊಸದಲ್ಲ. ನನ್ನ ಮಾತು ಕೇಳಿ ಅಸಲಿ ರಿಜಿಸ್ಟರು ತರಿಸಿ, ಒಂದೊಂದೇ ಪುಟ ತಿರುವುತ್ತ ಗಟ್ಟಿಯಾಗಿ ಓದಿದರು. "ಚಪಾಂ... ಚಪಾಂ... ಚಪಾಂ..." ನನ್ನ ಹಿಂದೆ ಯಾರೋ ಅಕ್ಕಿ ಅಲುಗಾಡಿಸಿದಂತೆ ಕೇಳಿಸಿತು. ತಿರುಗಿ ನೋಡಿದರೆ ವಕೀಲರೊಬ್ಬರು ಕಾಗದ ಮಗುಚುತ್ತಿದ್ದರು. ಕೊನೆಯ ಪುಟಕ್ಕೆ ಅಧ್ಯಕ್ಷರು ನಿಂತರು. "ಚಂಪಾ," ಎಂದರು. ಮ್ಯಾನೇಜರರನ್ನು ಕನ್ನಡಕದ ಮೇಲಿಂದ ನೋಡಿದರು.

ಅಪ್ಪನ ಪಕ್ಕದಲ್ಲಿ ಅವ್ವ ಮಗಳಾಗಿ ನಿಂತ ಕತೆ ಹೇಳಿದಾಗ ಅವರಿಗೂ ನಗು ಬಂತು. ಸೊಸೈಟಿಯ ವಕೀಲರು, ಹಾಗಾದರೆ ಹದಿಮೂರು ಸಹಿಯೂ ಖೋಟಾ ಆಯಿತಲ್ಲ ಎಂದು ಎದ್ದರು. "ಆ ಸಹಿ ನಂಬಿ ಮೂವತ್ತೊಂಬತ್ತು ವರ್ಷ ಹಣ ಬಳಸಿಕೊಂಡಿರಿ. ಈಗ ಬೇಡವೇ?" ಎಂದು ಅಧ್ಯಕ್ಷರು ಅವರನ್ನು ಕೂರಿಸಿದರು. ಆಮೇಲೆ ನನ್ನ ಕಡೆ ತಿರುಗಿ ತೆಲುಗಿನಲ್ಲಿ ಕೇಳಿದರು: "ನಿಮ್ಮ ತಾಯಿಗೆ ಸೊನ್ನೆ ಸರಿಯಾದ ಜಾಗದಲ್ಲಿ ಇಡಲು ಯಾವತ್ತೂ ಗೊತ್ತಿರಲಿಲ್ಲ. ಪ್ರಮಾಣ ಮಾಡಿ ಹೇಳುತ್ತೀರಾ?"

ಅಶ್ವಿನಿ ಹಿಂದಿನಿಂದ ಮೆಲ್ಲಗೆ, "ಹೇಳಿ ಆಂಟಿ," ಎಂದಳು.

"ಗೊತ್ತಿರಲಿಲ್ಲ," ಎಂದೆ.

ಅದು ಸುಳ್ಳು. ಇದನ್ನು ಆಯೋಗಕ್ಕೆ ಹೇಳಲಿಲ್ಲ, ನಮ್ಮವರಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ. ಅವ್ವ ಹೋಗುವ ಮೊದಲಿನ ಆಷಾಢ. ಮಧ್ಯಾಹ್ನ, ನಾವಿಬ್ಬರೇ ಮನೆಯಲ್ಲಿ. ಅವ್ವ ಅಡು‌ಗೆಮನೆಯ ನೆಲದ ಮೇಲೆ ಪರಾತ ಇಟ್ಟುಕೊಂಡು ಕೂತಿದ್ದಳು. "ಚಂಪಾ, ನಿನ್ನ ಹೆಸರಿನ್ಯಾಗ ಸೊನ್ನಿ ಎಲ್ಲಿ ಬರ್ತೈತಿ?" ಎಂದು ಕೇಳಿದಳು. ವಯಸ್ಸಾದವರ ಮಾತು ಎಂದುಕೊಂಡೆ. ಒಲೆಯ ಮೇಲೆ ಹಾಲಿತ್ತು. ಅವಸರದಲ್ಲಿ ಬಗ್ಗಿ ಅಕ್ಕಿಯಲ್ಲಿ ಬರೆದೆ. "ಇಲ್ಲಿ ಬರ್ತೈತವ್ವಾ, ನಡುವ. ಚ ಆದ ಮ್ಯಾಲ." ಅವ್ವ ಬಹಳ ಹೊತ್ತು ಅದನ್ನು ನೋಡಿದಳು. "ಹಂಗೇನು?" ಎಂದಳು. "ನಾ ಕಡೀಕ ಅಂತ ತಿಳಕೊಂಡಿದ್ದೆ. ಇಷ್ಟ ದಿನಾ ಯಾರೂ ಹೇಳಲೇ ಇಲ್ಲ." ಅಷ್ಟರಲ್ಲಿ ಹಾಲು ಉಕ್ಕಿತು. ನಾನು ಒಲೆಯ ಕಡೆ ಓಡಿದೆ.

ತೀರ್ಪು ನಮ್ಮ ಕಡೆ ಆಯಿತು. ಕೊನೆಯ ನವೀಕರಣ ಒಪ್ಪತಕ್ಕದ್ದಲ್ಲ, ಅವಧಿ ಮುಗಿದ ದಿನದಿಂದ ಬಡ್ಡಿಸಮೇತ ಕೊಡಬೇಕು, ಚಂಪಾ ಮತ್ತು ಗಿರಿಜಾ ಒಬ್ಬರೇ ಎಂದು ಮೊಹರು ಬಿದ್ದ ಆದೇಶ. ನಮ್ಮವರು ಅದನ್ನು ಎರಡು ಸಲ ಓದಿಸಿಕೊಂಡು, "ಹಂಗಾರ ನಾ ಇಬ್ಬರನ್ನ ಲಗ್ನ ಆಗೀನಿ," ಎಂದರು.

ಚೆಕ್ಕು ತರಲು ಒಬ್ಬಳೇ ಹೋದೆ. ಬೆಳಿಗ್ಗೆ ಹನ್ನೊಂದು ಗಂಟೆ. ಮ್ಯಾನೇಜರರು ತಲೆಯೆತ್ತಲಿಲ್ಲ. ಯಾದಗಿರಿ ರಿಜಿಸ್ಟರು ತೆರೆದು, ಹದಿನಾಲ್ಕನೆಯ ಸಹಿಯ ಕೆಳಗೆ ಬೆರಳಿಟ್ಟು, ನನಗೆ ಮಾತ್ರ ಕೇಳುವ ಹಾಗೆ ತೆಲುಗಿನಲ್ಲಿ ಮಾತಾಡಿದ.

"ಅಮ್ಮಾ, ಸಾರ್ ಬರೆದರೋ ಬೇರೆಯವರು ಬರೆದರೋ ಅಂತ ನೀವೆಲ್ಲ ಅಂದುಕೊಂಡಿರಿ. ನನ್ನ ಮಾತು ಯಾರೂ ಕೇಳಲಿಲ್ಲ. ಆಕೆ ಬಂದಿದ್ದಳು. ಆ ಬೆಂಚಿನ ಮೇಲೆ ಕೂತಳು. ಅಕ್ಕಿ ಹರಡಿದಳು. ಮೊದಲೆಲ್ಲ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು, ಆವತ್ತು ಏದುಸಿರೂ ಇರಲಿಲ್ಲ. ಸಹಿ ನೋಡಿ ನಾನೇ ಅಂದೆ, 'ಏನು ಚಂಪಮ್ಮ, ಇಷ್ಟು ವರ್ಷಕ್ಕೆ ಇವತ್ತು ಸೊನ್ನೆ ಸರಿಯಾಗಿ ಇಟ್ಟೆಯಲ್ಲ' ಅಂತ."

"ಏನಂದಳು?"

"ನಕ್ಕಳು. 'ನಾ ಬಿಡ್ಡ ನೇರ್ಪಿಂದಿ' ಅಂದಳು."

ನನ್ನ ಮಗಳು ಕಲಿಸಿಕೊಟ್ಟಳು.

ಯಾದಗಿರಿ ಸುಳ್ಳು ಹೇಳುತ್ತಿರಬಹುದು. ನೌಕರಿ ಉಳಿಸಿಕೊಳ್ಳಲು ಆ ಸಹಿ ಅವನೇ ಹಾಕಿರಬಹುದು. ಆದರೆ ಆಷಾಢದ ಆ ಮಧ್ಯಾಹ್ನ ಅಡುಗೆಮನೆಯಲ್ಲಿ ಇದ್ದವರು ಅವ್ವ, ನಾನು ಮತ್ತು ಉಕ್ಕುವ ಹಾಲು. ನಾನು ಬೆಂಚಿನ ಕಡೆ ತಿರುಗಿ ನೋಡಲಿಲ್ಲ. ಕಿಟಕಿಯಲ್ಲಿ ಪಾರಿವಾಳಗಳು ಯಾರೋ ಕಾಳು ಹಾಕಿದಂತೆ ಒಮ್ಮೆಲೇ ರೆಕ್ಕೆ ಬಡಿದವು. ಅವ್ವನಿಗೆ ಸೊನ್ನೆ ಸರಿಯಾಗಿ ಇಡಲು ಬರುತ್ತಿರಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಿದ್ದೆ. ಕಲಿಸಿದವಳೇ ಹಾಗೆ ಹೇಳಿದ್ದೆ.

ಯಾದಗಿರಿ ಪೆನ್ನು ಕೊಟ್ಟ. ನಲವತ್ತು ವರ್ಷದಿಂದ ಕಾಗದದ ಮೇಲೆ ಬರೆಯದ ಹೆಸರು. ಚ ಬರೆದೆ. ಕೈ ಒಂದು ಕ್ಷಣ ನಿಂತಿತು. ಸರಿಯಾದದ್ದು ಮೇಲಿನ ಸಾಲಿನಲ್ಲಿ ಆಗಲೇ ಇತ್ತು, ಅದು ಅವ್ವನದು. ನಾನು ಪಾ ಬರೆದು, ಎಲ್ಲ ಮುಗಿದ ಮೇಲೆ, ಕೊನೆಯಲ್ಲಿ ಸೊನ್ನೆ ಇಟ್ಟೆ.